ಹೊಳೆ ಮುಳುಗುವ ಜಾಗ

"ಮೇಡಂ, ನಾನು ತಪ್ಪು ಸ್ಯಾಂಪಲ್ ತಂದೆ ಅಂತ ಸಾಹೇಬರಿಗೆ ಬರೆದಿದ್ದೀರಂತೆ?"

ಲ್ಯಾಬಿನ ಬಾಗಿಲಲ್ಲಿ ನಿಂತಿದ್ದವನು ಜಲಾಶಯದಲ್ಲಿ ದೋಣಿ ನಡೆಸುವವನು. ಕಚೇರಿಯಲ್ಲಿ ಎಲ್ಲರೂ ಅವನನ್ನು ದೋಣಿಯಣ್ಣ ಎನ್ನುತ್ತಿದ್ದರು.

ಲ್ಯಾಬಿನ ಸಂಶೋಧಕಿಯಾದ ಅವಳು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. "ಇಪ್ಪತ್ತು ಮೀಟರ್ ಆಳದ ನೀರು ಅಂದ್ರಿ. ಬಾಟಲಿ ತುಂಬಾ ಹೊಳೆ ನೀರಿನ ಬ್ಯಾಕ್ಟೀರಿಯಾ ಇದಾವೆ."

ಜಲಾಶಯದ ಬ್ಯಾಕ್ಟೀರಿಯಾಗಳನ್ನು ಅವಳು ಐದು ತಿಂಗಳಿಂದ ಎಣಿಸುತ್ತಿದ್ದಳು. ಬಿಸಿಲು ಬೀಳುವ ಮೇಲಿನ ನೀರಲ್ಲಿ ಒಂದು ಗುಂಪು, ತಣ್ಣನೆಯ ತಳದಲ್ಲಿ ಇನ್ನೊಂದು. ಒಬ್ಬರ ಮನೆಗೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ಹೊಳೆಯವು ತಳದಲ್ಲಿ ಸಿಗುವುದಂತೂ ಸಾಧ್ಯವೇ ಇಲ್ಲ, ಇದು ಅವನದೇ ತಪ್ಪೆಂದು ಮುಖ್ಯ ಎಂಜಿನಿಯರಿಗೆ ಪತ್ರ ಬರೆದಿದ್ದಳು. ಅವನನ್ನು ದೋಣಿಯಿಂದ ತೆಗೆದು ಕಚೇರಿ ಗೇಟಿನ ಕಾವಲಿಗೆ ಹಾಕಿದ್ದರು.

"ಹದಿನಾಲ್ಕು ವರ್ಷದಿಂದ ಬಾಟಲಿ ಕಟ್ಟಿ ಹಗ್ಗ ಇಳಿಸ್ತಿದ್ದೀನಿ," ಅವನೆಂದ. "ಒಂದೇ ಒಂದು ಸಲ ನನ್ನ ಜೊತೆ ಬನ್ನಿ. ಆಮೇಲೂ ತಪ್ಪು ನಂದೇ ಅನಿಸಿದ್ರೆ ಇನ್ನೊಂದು ಪತ್ರ ಬರೀರಿ. ನಾನೇ ತಗೊಂಡು ಹೋಗಿ ಸಾಹೇಬರ ಟೇಬಲ್ ಮೇಲೆ ಇಡ್ತೀನಿ."

ದನಿಯಲ್ಲಿ ಸಿಟ್ಟಿತ್ತು, ಗೋಗರೆತ ಇರಲಿಲ್ಲ. ಅದು ಅವಳಿಗೆ ಇಷ್ಟವಾಯಿತು. ಇಷ್ಟವಾಯಿತಲ್ಲ ಎಂದು ತನ್ನ ಮೇಲೆಯೇ ಸಿಡುಕು ಬಂತು.

ಮರುದಿನ ಬೆಳಿಗ್ಗೆ ಅನುಮತಿ ಪಡೆದು ಅವಳು ದೋಣಿ ಹತ್ತಿದಳು. ಹೊಳೆ ಬಂದು ಜಲಾಶಯ ಸೇರುವಲ್ಲಿ ಅವನು ಎಂಜಿನ್ ನಿಲ್ಲಿಸಿದ. ನೀರಿನ ಮೇಲೆ ಎಲೆ, ಕಡ್ಡಿ, ನೊರೆ ಒಂದೇ ಗೆರೆಯಾಗಿ ತೇಲುತ್ತಿದ್ದವು.

"ಗೆರೆಯ ಈ ಕಡೆ ಕೈ ಹಾಕಿ. ಈಗ ಆ ಕಡೆ."

ಜಲಾಶಯದ ಕಡೆ ಬೆಚ್ಚಗಿತ್ತು. ಹೊಳೆಯ ಕಡೆ ಕೈ ಜುಮ್ ಎನ್ನುವಷ್ಟು ತಣ್ಣಗೆ.

"ಬೆಟ್ಟದಲ್ಲಿ ಮಳೆ ಆದ್ರೆ ಹೊಳೆ ತಣ್ಣಗೆ, ಕೆಸರಾಗಿ ಬರುತ್ತೆ. ಭಾರ ಜಾಸ್ತಿ. ಇಲ್ಲೇ ಮುಳುಗಿ ತಳದಲ್ಲೇ ಹರಿದು ಹೋಗುತ್ತೆ. ತೇಲೋ ಎಲೆ ಮಾತ್ರ ಮೇಲೆ ಉಳಿಯುತ್ತೆ."

ಅವಳು ಇದನ್ನು ಪುಸ್ತಕದಲ್ಲಿ ಓದಿದ್ದಳು. ಕಣ್ಣಾರೆ ಕಂಡಿರಲಿಲ್ಲ. "ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಆಳ ಎಷ್ಟು ಅಂತ ಮಾತ್ರ ಕೇಳ್ತಿದ್ರಿ."

ಆ ಮಧ್ಯಾಹ್ನವೇ ಅವಳು ಮುಖ್ಯ ಎಂಜಿನಿಯರ್ ಎದುರು ನಿಂತು, ತಪ್ಪು ತನ್ನದೆಂದು ಹೇಳಿ ಪತ್ರ ವಾಪಸ್ ಪಡೆದಳು. ಅವನು ದೋಣಿಗೆ ಮರಳಿದ.

ಆ ಮಳೆಗಾಲವಿಡೀ ಇಬ್ಬರೂ ಹೊಳೆಯ ಬೆನ್ನು ಹತ್ತಿದರು. ಅವನು ಹಗ್ಗ ಇಳಿಸುವಾಗ ಅವಳು ನೋಟ್‌ಬುಕ್ಕಿನ ಮರೆಯಿಂದ ಅವನ ಕೈಗಳನ್ನು ನೋಡುತ್ತಿದ್ದಳು.

"ಮೇಡಂ, ಬ್ಯಾಕ್ಟೀರಿಯಾ ನೀರಲ್ಲಿದೆ. ನನ್ನ ಕೈಯಲ್ಲಲ್ಲ."

"ಗೊತ್ತು ಬಿಡ್ರೀ," ಎಂದಳು. ಕಿವಿಯವರೆಗೂ ಕೆಂಪಾದಳು.

ಅವಳು ಅವನನ್ನು ಎಂದೂ ದೋಣಿಯಣ್ಣ ಎನ್ನಲಿಲ್ಲ. ಬರೀ "ರೀ". ಹಾಗೆ ಕರೆದಾಗಲೆಲ್ಲ ಅವನು ಸುಮ್ಮನೆ ದೂರದ ದಡ ನೋಡುತ್ತಿದ್ದ, ತುಟಿಯಂಚಿನ ನಗು ಕಾಣಬಾರದೆಂದು.

ಲೆಕ್ಕಗಳು ಒಂದೊಂದಾಗಿ ಕೂಡಿ ಬಂದವು. ಮುಳುಗಿದ ಹೊಳೆ ಕೊಳೆತ ಎಲೆಯ ಸಾರವನ್ನು ತಳಕ್ಕೆ ಒಯ್ಯುತ್ತಿತ್ತು. ಬ್ಯಾಕ್ಟೀರಿಯಾಗಳು ಅದನ್ನು ತಿಂದು ಚುರುಕಾಗಿ, ನೀರಿನ ಆಮ್ಲಜನಕವನ್ನೆಲ್ಲ ಮುಗಿಸುತ್ತಿದ್ದವು. ಊರಿಗೆ ಕುಡಿಯುವ ನೀರು ಹೋಗುತ್ತಿದ್ದುದು ತಳದ ಗೇಟಿನಿಂದ; ಪ್ರತಿ ಮಳೆಯ ನಂತರ ಊರಿನ ನಲ್ಲಿಗಳಲ್ಲಿ ವಾಸನೆ ಬರುತ್ತಿದ್ದುದು ಅದಕ್ಕೇ.

ವರದಿ ಮಂಡಿಸುವ ದಿನ ಸಭೆ ತುಂಬಿತ್ತು. ಅವಳ ಅಪ್ಪ, ನಿವೃತ್ತ ಗಣಿತ ಮೇಷ್ಟ್ರು, ಮಗಳ ಮಾತು ಕೇಳಲು ಬಂದು ಮೊದಲ ಸಾಲಿನಲ್ಲಿ ಕುಳಿತಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವನು ಹಿಂದೆ ಗೋಡೆಗೊರಗಿ ನಿಂತಿದ್ದ.

"ಮಳೆ ಬಿದ್ದ ಮೇಲೆ ಎರಡು ವಾರ ಕುಡಿಯೋ ನೀರನ್ನ ಮೇಲಿನ ಗೇಟಿನಿಂದ ತೆಗೀಬೇಕು," ಎಂದು ಅವಳು ಮುಗಿಸಿದಳು.

ಮುಖ್ಯ ಎಂಜಿನಿಯರ್ ಹಾಳೆ ತಿರುಗಿಸುತ್ತ, "ಕಾರಣ ಮೊದಲು ಹಿಡಿದವರು ಯಾರು?" ಎಂದರು.

"ಹಿಂದೆ ನಿಂತಿದ್ದಾರೆ. ವರದಿಯಲ್ಲಿ ನನ್ನ ಹೆಸರಿನ ಪಕ್ಕ ಅವರ ಹೆಸರಿದೆ. ಅವರು ಸರಿ ಇದ್ರು, ನಾನು ತಪ್ಪಿದ್ದೆ."

ಸಭೆ ಇಡಿಯಾಗಿ ಹಿಂದಕ್ಕೆ ತಿರುಗಿತು. ಅವನು ತಲೆ ತಗ್ಗಿಸಲಿಲ್ಲ. ಎದೆಯುಬ್ಬಿಸಿ ಅವಳನ್ನೇ ನೋಡಿದ. ಮುಖ್ಯ ಎಂಜಿನಿಯರ್ ಅಲ್ಲೇ ಫೋನೆತ್ತಿ ಮೇಲಿನ ಗೇಟು ತೆರೆಯಲು ಹೇಳಿದರು.

ಹೊರಗೆ ಕಾರಿಡಾರಿನಲ್ಲಿ ಅವನೆಂದ, "ಇವತ್ತು ನನಗಾದಷ್ಟು ಹೆಮ್ಮೆ ಯಾವತ್ತೂ ಆಗಿರ್ಲಿಲ್ಲ. ನನ್ನ ಹೆಸರಿಗಲ್ಲ. ನೀವು ಅಲ್ಲಿ ನಿಂತ ರೀತಿಗೆ."

ಅವಳು ಉತ್ತರಿಸುವಷ್ಟರಲ್ಲಿ ಅಪ್ಪ ಬಂದರು. "ಇವರೇನಮ್ಮ ನೀನು ಹೇಳ್ತಿದ್ದ ದೋಣಿಯವರು?"

"ಹೌದಪ್ಪ. ನಾನು ಮದುವೆ ಆಗ್ಬೇಕು ಅಂತಿರೋರೂ ಇವರೇ."

ಅಪ್ಪ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಅವರಿಗೆ ಗೊತ್ತಾ?"

"ಈಗ ಗೊತ್ತಾಯ್ತು." ಅವಳು ಅವನತ್ತ ತಿರುಗಿದಳು. "ಏನಂತೀರಾ?"

ಅವನು "ಹೂಂ" ಅಂದದ್ದು ಎಷ್ಟು ಜೋರಾಗಿತ್ತೆಂದರೆ, ಸಭಾಂಗಣದೊಳಗಿದ್ದ ಎಂಜಿನಿಯರುಗಳೆಲ್ಲ ಬಾಗಿಲಿಗೆ ಬಂದು ಇಣುಕಿದರು.