ಬೋಲ್ಟ್ ಬಿಟ್ಟು ಹೋದ ಕಳ್ಳ

ಗುರುವಾರ ಬೆಳಿಗ್ಗೆ 9.40ಕ್ಕೆ ರೈಫಲ್ ಕ್ಲಬ್ಬಿನ ಕಾರ್ಯದರ್ಶಿ ಏದುಸಿರು ಬಿಡುತ್ತ ಠಾಣೆಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ರೈಫಲ್ ಮಾಯ ಆಗಿದೆ ಮೇಡಂ! ಅದೂ ಹಲ್ಲಿನ ಡಾಕ್ಟರಮ್ಮಂದು. ಭಾನುವಾರ ತಂಡದ ಆಯ್ಕೆ ಪಂದ್ಯ ಬೇರೆ."

ಇನ್‌ಸ್ಪೆಕ್ಟರ್ ಚಹಾ ಲೋಟ ಪಕ್ಕಕ್ಕಿಟ್ಟಳು. ಪಾಯಿಂಟ್ ಟೂ-ಟೂ ರೈಫಲ್ಲಿನ ಗುಂಡು ಕಡಲೆಕಾಳಿನಷ್ಟೇ ಇರಬಹುದು, ಆದರೆ ಕಂಡವರ ಕೈಗೆ ಸಿಕ್ಕರೆ ಹುಡುಗಾಟವಲ್ಲ. 9.55ಕ್ಕೆ ಎಫ್‌ಐಆರ್ ದಾಖಲಾಯಿತು. 10.25ಕ್ಕೆ ಆಕೆ ಹೆಡ್ ಕಾನ್‌ಸ್ಟೇಬಲ್ ಜೊತೆ ಕ್ಲಬ್ಬಿನ ಆಯುಧ ಕೋಣೆಯಲ್ಲಿದ್ದಳು.

ಪಂಚನಾಮೆಯಲ್ಲಿ ಬರೆದದ್ದು ಇಷ್ಟು: ಬಾಗಿಲ ಬೀಗ ಮುರಿದಿಲ್ಲ. ನಾಲ್ಕು ರೈಫಲ್, ಮೂರು ಪಿಸ್ತೂಲು ಎಣ್ಣೆ ಹಚ್ಚಿಸಿಕೊಂಡು ಮಿರಮಿರ ಮಿಂಚುತ್ತ ಇದ್ದಲ್ಲೇ ಇವೆ. ಐದನೆಯ ರೈಫಲ್ಲಿನ ಜಾಗ ಖಾಲಿ. ಆದರೆ ಗುಂಡು ತುಂಬಿ ಹಾರಿಸಲು ಬೇಕಾದ ಅದರ ಹಿಂಭಾಗದ ಬೋಲ್ಟು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲೇ ಇದೆ. ಗುಂಡಿನ ಪೆಟ್ಟಿಗೆ ಒಡೆದಿಲ್ಲ.

"ಕೀ ಯಾರ ಹತ್ರ ಇರುತ್ತೆ?"

"ನನ್ನ ಹತ್ರ, ಎಣ್ಣೆ ಮಾಮನ ಹತ್ರ," ಎಂದರು ಕಾರ್ಯದರ್ಶಿ.

"ಎಣ್ಣೆ ಮಾಮನಾ? ಕುಡೀತಾರಾ?"

"ಅಯ್ಯೋ, ಕುಡಿಯಲ್ಲ ಮೇಡಂ. ಬಂದೂಕುಗಳಿಗೆ ಕುಡಿಸ್ತಾರೆ."

ಎಣ್ಣೆ ಮಾಮ ಕ್ಲಬ್ಬಿನ ಆಯುಧಗಳನ್ನು ನೋಡಿಕೊಳ್ಳುವವರು. ಪಂಚನಾಮೆ ಮುಗಿದದ್ದೇ ತಡ ಮೂಲೆಯ ಮೇಜಿನ ಮುಂದೆ ಕೂತು, ಮೊದಲೇ ಫಳಫಳ ಹೊಳೆಯುತ್ತಿದ್ದ ಪಿಸ್ತೂಲೊಂದನ್ನು ಇನ್ನೂ ಉಜ್ಜುತ್ತಿದ್ದರು.

"ನಿನ್ನೆ ಬೀಗ ಹಾಕಿದ್ದು ಯಾರು?"

"ನಾನೇ ತಾಯಿ. ಆರು ಗಂಟೆಗೆ."

"ರೈಫಲ್ ಇತ್ತಾ?"

"ಇತ್ತು... ಇದ್ದಿರ್ಬೇಕು."

"ಬೋಲ್ಟ್ ಯಾಕೆ ಬೇರೆ ಇದೆ?"

"ಅದನ್ನ ತೆಗೆದು ಹಿಂದಿನಿಂದ ಕಡ್ಡಿ ತೂರಿಸಿ ಕ್ಲೀನ್ ಮಾಡ್ಬೇಕು. ನಳಿಗೆ ಬಾಯಿಂದ ತೂರಿಸಿದ್ರೆ ಬಾಯಂಚು ಸವೆದು ಗುಂಡು ದಾರಿ ತಪ್ಪುತ್ತೆ. ಮೂವತ್ತು ವರ್ಷದಿಂದ ಎಲ್ಲರ ಮುಂದೂ ಇದನ್ನೇ ಬಡ್ಕೊಂಡಿದೀನಿ..." ಎಂದವರು ತಟ್ಟನೆ ನಾಲಿಗೆ ಕಚ್ಚಿಕೊಂಡು ಮತ್ತೆ ಪಿಸ್ತೂಲು ಉಜ್ಜತೊಡಗಿದರು.

ಮಧ್ಯಾಹ್ನ 12.15ಕ್ಕೆ ಇನ್‌ಸ್ಪೆಕ್ಟರ್ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋದಳು. ಅಲ್ಲೊಬ್ಬ ರೋಗಿ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದ.

"ಕದ್ದೋನು ಒಳ್ಳೇದೇ ಮಾಡಿದ," ಡಾಕ್ಟರು ನಗಲು ನೋಡಿದರು. "ಹದಿನೈದು ದಿನದಿಂದ ನನ್ನ ಗುಂಡು ಒಂದೊಂದು ಒಂದೊಂದು ಕಡೆ. ಕೈ ಕೆಟ್ಟೋಯ್ತು, ಈ ಪಂದ್ಯ ಮುಗಿಸಿ ಆಟಾನೇ ಬಿಟ್ಬಿಡ್ತೀನಿ ಅಂತ ಮಾಮಂಗೂ ಹೇಳ್ದೆ."

"ಹಲ್ಲು ಕೀಳೋವಾಗಲೂ ಕೈ ನಡುಗುತ್ತಾ?"

"ಛೆ, ಇಲ್ಲಪ್ಪ!"

ಕುರ್ಚಿಯಲ್ಲಿದ್ದವನಿಗೆ ಹೋದ ಜೀವ ಬಂದಂತಾಯಿತು.

ಜೀಪಿನಲ್ಲಿ ಇನ್‌ಸ್ಪೆಕ್ಟರ್ ಹೇಳಿದಳು: "ಗುಂಡು ಹಾರಿಸೋನಿಗೆ ಬೋಲ್ಟ್ ಬೇಕೇ ಬೇಕು. ಮಾರೋನೂ ಬಿಟ್ಟು ಹೋಗಲ್ಲ. ಇವನಿಗೆ ಬೇಕಾಗಿದ್ದು ಬರೀ ನಳಿಗೆ. ಡಾಕ್ಟರ ಕೈ ಕೆಟ್ಟಿಲ್ಲ ಅಂದ್ರೆ ಕೆಟ್ಟಿರೋದು ನಳಿಗೇನೇ. ಅದನ್ನ ಎಲ್ಲಿ ಸರಿ ಮಾಡ್ತಾರೆ?"

"ಲೇತ್ ಅಂಗಡೀಲಿ," ಎಂದ ಹೆಡ್ ಕಾನ್‌ಸ್ಟೇಬಲ್.

ಊರಲ್ಲಿದ್ದ ಲೇತ್ ಅಂಗಡಿಗಳನ್ನು ಒಂದೊಂದಾಗಿ ಜಾಲಾಡಿದರು. ಶುಕ್ರವಾರ ಸಂಜೆ 4.10ಕ್ಕೆ ಮೂರನೆಯ ಅಂಗಡಿ. ರೈಫಲ್ಲಿನ ನಳಿಗೆ ಯಂತ್ರದ ಹಿಡಿತದಲ್ಲಿತ್ತು. ಪಕ್ಕದ ಸ್ಟೂಲಿನ ಮೇಲೆ ಎಣ್ಣೆ ಮಾಮ.

"ಬುಧವಾರ ಸಂಜೆ ತಂದೆ, ಬೆಳಗಾಗೋದ್ರೊಳಗೆ ವಾಪಸ್ ಇಟ್ಬಿಡೋಣ ಅಂತಿದ್ದೆ ತಾಯಿ," ಎಂದರು, ತಾವೇ ಎದ್ದು ನಿಂತು. "ಇವನ ದರಿದ್ರ ಲೇತಿನ ಬೆಲ್ಟು ಹರೀತು."

"ಕ್ಲಬ್ಬಿನ ಕೆಲಸ ಅಂದ್ರು, ನಾನು ನಂಬಿದೆ," ಎಂದು ಲೇತಿನವನು ಗೊಣಗಿದ. "ಸವೆದ ಬಾಯಂಚು ಕೊರೆದು ಸಮ ಮಾಡೋದು ಈಗಷ್ಟೇ ಮುಗೀತು."

4.35ಕ್ಕೆ ಮಾಮನ ದಸ್ತಗಿರಿ ಆಯಿತು.

ಶನಿವಾರ ಬೆಳಿಗ್ಗೆ ನ್ಯಾಯಾಧೀಶರು ಮಾಮನಿಗೆ ಜಾಮೀನು ಕೊಟ್ಟರು, ರೈಫಲ್ಲನ್ನು ಪರೀಕ್ಷಿಸಿ ಡಾಕ್ಟರಿಗೆ ಒಪ್ಪಿಸಲು ಹೇಳಿದರು. 11.30ಕ್ಕೆ ಕ್ಲಬ್ಬಿನಲ್ಲಿ ಪಂಚರ ಎದುರು ಡಾಕ್ಟರು ಬೋಲ್ಟು ಕೂರಿಸಿ ಮೊದಲ ಗುಂಡು ಹಾರಿಸಿದರು. ಅದು ಎಲ್ಲಿಗೋ ಹೋಯಿತು. ಅವರ ಮುಖ ಬಾಡಿತು.

"ಎದೆಗುಂದಬೇಡಿ!" ಹಿಂದಿನಿಂದ ಮಾಮ ಕೂಗಿದರು. "ಈಗ ತಾನೇ ಒರೆಸಿರೋ ನಳಿಗೆ. ಮೊದಲ ನಾಲ್ಕೈದು ಲೆಕ್ಕಕ್ಕಿಲ್ಲ."

ಆರನೆಯದರಿಂದ ಹತ್ತನೆಯದರವರೆಗಿನ ಐದು ಗುಂಡುಗಳು ಮಾಡಿದ ತೂತನ್ನು ಒಂದು ಅಂಗಿಯ ಗುಂಡಿಯಿಂದ ಮುಚ್ಚಬಹುದಿತ್ತು. ಕಾರ್ಯದರ್ಶಿ ಕುಣಿದಾಡಿದರು. ಡಾಕ್ಟರು ನಗುತ್ತಲೇ ಕಣ್ಣೊರೆಸಿಕೊಂಡು, "ಹದಿನೈದು ದಿನ ನನ್ನ ಕೈಯನ್ನೇ ಬೈಕೊಂಡೆನಲ್ಲ ಮಾಮ!" ಎಂದು ಗದರಿದರು.

ಮಾಮನ ಹೇಳಿಕೆ ಬರೆದುಕೊಂಡದ್ದು ಅಲ್ಲೇ, ಎಣ್ಣೆಯ ಮೇಜಿನ ಮೇಲೆ. ಮಾಮನ ಕಣ್ಣಿಗೆ ಪೊರೆ ಬಂದಿತ್ತು. ತೆಗೆದ ಬೋಲ್ಟನ್ನು ಮತ್ತೆ ಕೂರಿಸಲು ಕಾಣುತ್ತಿರಲಿಲ್ಲ. ಹೇಳಿದರೆ ಕೆಲಸ ಬಿಡಿಸುತ್ತಾರೆಂಬ ಭಯ, ಹೇಳಲು ನಾಚಿಕೆ. ಹಾಗಾಗಿ ಬೋಲ್ಟು ತೆಗೆಯದೆ ಬಾಯಿಂದಲೇ ಉಕ್ಕಿನ ಕಡ್ಡಿ ತೂರಿಸಿದ್ದರು. ಡಾಕ್ಟರು ಆಟ ಬಿಡುವ ಮಾತಾಡಿದ ದಿನ ನಳಿಗೆಯ ಬಾಯಿಗೆ ಉಗುರು ತಾಗಿಸಿ ನೋಡಿದರು. ಸವೆತದ ತರಿ ಸಿಕ್ಕಿತು. ಆಮೇಲೆ ಊಟ ಸೇರಲಿಲ್ಲ.

"ಇನ್ನೇನಾದ್ರೂ ಸೇರಿಸ್ಬೇಕಾ?" ಇನ್‌ಸ್ಪೆಕ್ಟರ್ ಕೇಳಿದಳು.

ಮಾಮ ಮೂಗು ತಾಗುವಷ್ಟು ಹತ್ತಿರಕ್ಕೆ ಕಾಗದ ಹಿಡಿದು ನೋಡಿ, ಹೆಡ್ ಕಾನ್‌ಸ್ಟೇಬಲ್ಲಿಗೆ ವಾಪಸ್ ಕೊಟ್ಟರು.

"ಡಾಕ್ಟರಮ್ಮನ ಕೈಯಲ್ಲಿ ಏನೂ ತಪ್ಪಿರಲಿಲ್ಲ ಅಂತ ಬರೀರಿ. ಸ್ವಲ್ಪ ದೊಡ್ಡ ಅಕ್ಷರದಲ್ಲಿ ಬರೀರಪ್ಪ. ಅದನ್ನ ಓದಿಯೇ ಸಹಿ ಹಾಕ್ತೀನಿ."