ಅಕ್ಕಡಿ ಸಾಲು

1979ರ ಆಗಸ್ಟ್ 21ರ ಬೆಳಿಗ್ಗೆ ಕೊತ್ತಗೆರೆಯ ಗಂಗಹನುಮಯ್ಯ ಏದುಸಿರು ಬಿಡುತ್ತ ಕುಣಿಗಲ್ ಠಾಣೆಗೆ ಬಂದ. ಕೃಷಿ ಇಲಾಖೆಯವರ ಮಾತು ನಂಬಿ ಊರಿಗೇ ಮೊದಲು ಸೂರ್ಯಕಾಂತಿ ಹಾಕಿದವನು. ಕಾಳು ಕಟ್ಟುವ ಹೊತ್ತಿಗೆ ಯಾರೋ ರಾತ್ರೋರಾತ್ರಿ ಗಿಡ ಕಡಿದಿದ್ದರು.

"ಪಕ್ಕದ ಹೊಲದ ಚಿಕ್ಕಮಾರಯ್ಯನೇ ಸಾರ್. ಬದುವಿನ ಜಗಳ ಐತೆ. ಒಳಗಾಕಿ."

ಸಬ್ ಇನ್ಸ್‌ಪೆಕ್ಟರ್ ಷಡಕ್ಷರಿ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಕದರಯ್ಯನೊಂದಿಗೆ ಹೊಲಕ್ಕೆ ಹೋದರು. ಪಂಚನಾಮೆ ಶುರುವಾಯಿತು. ಹೊಟ್ಟೆಕಿಚ್ಚಿನವನು ಸಿಕ್ಕಿದ್ದೆಲ್ಲ ಕೊಚ್ಚಿಹಾಕುತ್ತಾನೆ. ಇಲ್ಲಿ ಹಾಗಿರಲಿಲ್ಲ. ಎಂಟು ಸಾಲು ಬಿಟ್ಟು ಒಂದು ಸಾಲು, ಮತ್ತೆ ಎಂಟು ಬಿಟ್ಟು ಒಂದು. ಕಡಿದ ಸಾಲಿನ ಮಣ್ಣು ಕೆದಕಿದರೆ ಆಗಷ್ಟೇ ಊರಿದ ಹರಳು ಬೀಜ.

ಗುಬ್ಬಿ ಕಡೆಯ ಬೇಸಾಯದ ಮನೆಯಲ್ಲಿ ಹುಟ್ಟಿದ ಷಡಕ್ಷರಿಗೆ ಆ ಸಾಲುಗಳ ಗುರುತು ಸಿಕ್ಕಿತು. ರಾಗಿ ಹೊಲದ ನಡುನಡುವೆ ಹರಳು, ಅವರೆ ಹಾಕುವ ಸಾಲಿಗೆ ಅಕ್ಕಡಿ ಎನ್ನುತ್ತಾರೆ. ರಾಗಿ ಗಂಡಸರದು, ಅಕ್ಕಡಿಯ ಫಸಲೂ ಅದರ ದುಡ್ಡೂ ಮನೆಯ ಹೆಂಗಸರದು. ಷಡಕ್ಷರಿಯ ತಾಯಿಯೂ ಆ ಸಾಲಿಗೆ ಇನ್ನೊಬ್ಬರ ಕೈ ಸೋಕಿಸುತ್ತಿರಲಿಲ್ಲ.

"ಹೋದ ವರ್ಷ ಇಲ್ಲಿ ಅಕ್ಕಡಿ ಇತ್ತಾ?"

"ಇತ್ತು ಸಾರ್. ನಮ್ಮತ್ಗೆ ನಿಂಗಮ್ಮಂದು. ಅಣ್ಣ ಸತ್ತಮೇಲೆ ಅವಳಿಗೆ ಅದೇ..." ಗಂಗಹನುಮಯ್ಯ ಕಡಿದ ಸಾಲುಗಳತ್ತ ತಿರುಗಿದ.

"ಈ ಸಲ?"

"ಸೂರ್ಯಕಾಂತಿ ಒಂದೇ ಹಾಕ್ಬೇಕು ಅಂದ್ರು ಸಾರ್, ಆಫೀಸ್‌ನೋರು."

ಮನೆಯ ಜಗಲಿಯಲ್ಲಿ ಕೂತಿದ್ದ ನಿಂಗಮ್ಮನ ಕೈತುಂಬ ಗೀರುಗಳಿದ್ದವು.

"ಕೈಗೇನಾಯ್ತಮ್ಮಾ?"

"ಸೂರ್ಯಕಾಂತಿ ದಂಟು ಗೀರ್ತು ಸ್ವಾಮಿ." ಒಳಗೆ ಹೋಗಿ ಕುಡುಗೋಲು ತಂದು ಮುಂದಿಟ್ಟಳು. "ಒಂದೇ ಒಂದು ಸಾಲು ಕೇಳ್ದೆ. ಹೊಸ ತಳಿ, ಆಗಾಕಿಲ್ಲ ಅಂದ. ಹರಳೆಣ್ಣೆ ಕಾಯ್ಸೋ ಮಡಕೆ ಬೋರಲು ಬಿದ್ದೈತೆ. ಒಂದು ಸೀರೆಗೂ ಇವನ ಮುಖ ನೋಡ್ಬೇಕಾ?"

"ಬೇಲಿನೇ ಎದ್ದು ಹೊಲ ಮೇಯ್ತಲ್ಲ ಸಾರ್," ಎಂದ ಕದರಯ್ಯ. ಷಡಕ್ಷರಿಗೆ ಆ ಗಾದೆ ಹಿಡಿಸಲಿಲ್ಲ. ಆದರೂ ಕಾಯಿದೆ ಕಾಯಿದೆಯೇ. ಮಧ್ಯಾಹ್ನ ಎರಡಕ್ಕೆ ನಿಂಗಮ್ಮನ ದಸ್ತಗಿರಿಯಾಯಿತು.

ತಾಯಿಯಿಲ್ಲದ ಗಂಗಹನುಮಯ್ಯನ ನೆತ್ತಿಗೆ ಅದೇ ಹರಳೆಣ್ಣೆ ಒತ್ತಿ ಸಾಕಿದವಳು ನಿಂಗಮ್ಮ. ಅವನು ಜೀಪಿನ ಕಂಬಿ ಹಿಡಿದು ಅತ್ತ.

"ಕಂಪ್ಲೇಂಟು ವಾಪಸ್ ತಗೋತೀನಿ ಸಾರ್."

"ಇನ್ನು ಅದು ಕೋರ್ಟಿಗೆ ಬಿಟ್ಟಿದ್ದು."

"ಅತ್ಗಮ್ಮಾ, ಮುಂದಿನ ವರ್ಷ ಎರಡು ಸಾಲು ಬುಟ್ಕೊಡ್ತೀನಿ ಕಣಮ್ಮಾ."

ನಿಂಗಮ್ಮ ತಿರುಗಿ ನೋಡಿದಳು. ಬೆಳಗಿನಿಂದ ಒಮ್ಮೆಯೂ ಒದ್ದೆಯಾಗದ ಕಣ್ಣು ಈಗ ತುಂಬಿತ್ತು.

"ಬುಟ್ಕೊಡಾಕೆ ನೀನ್ಯಾರ್ಲಾ? ಅದು ನಂದಲ್ವೇನ್ಲಾ?"