ಕಲ್ಲೇಶನ ಲಸಿಕೆ

ಹದಿನೆಂಟು ವರ್ಷದಿಂದ ತಿಪಟೂರಿನಲ್ಲಿ ಕೋಳಿ ಔಷಧಿ ಮಾರುತ್ತಿದ್ದ ಮರುಳಪ್ಪನನ್ನು ಬಿಟ್ಟು, ಕೋಳಿಗಳಿಗೆ ಬರುವ ಕೊಕ್ಕರೆ ರೋಗದ ಹೊಸ ಲಸಿಕೆಯ ಏಜೆನ್ಸಿಯನ್ನು ಕಂಪನಿಯವರು ಹುಳಿಯಾರಿನ ಕಲ್ಲೇಶನಿಗೆ ಕೊಟ್ಟರು. ಕಲ್ಲೇಶ ಕೆಲಸ ಕಲಿತದ್ದೇ ಮರುಳಪ್ಪನ ಅಂಗಡಿಯಲ್ಲಿ. ಯಾರೋ ಚಾಡಿ ಹೇಳಿದ್ದಾರೆಂದು ಮರುಳಪ್ಪ ಕಂಡಕಂಡವರನ್ನೆಲ್ಲ ಅನುಮಾನಿಸಿದ. ಕಡೆಗೊಂದು ತೀರ್ಮಾನಕ್ಕೆ ಬಂದ: ಆ ಲಸಿಕೆಯಲ್ಲೇ ರೋಗವಿದೆಯೆಂದು ಲ್ಯಾಬಿನವರೇ ಹೇಳಬೇಕು.

ಮಾಯಸಂದ್ರದ ಒಂದು ಶೆಡ್ಡಿನಲ್ಲಿ ಕೋಳಿಗಳಿಗೆ ಗಂಟಲು ರೋಗ ತಗುಲಿತ್ತು. ಸಾಯುತ್ತಿದ್ದ ಕೋಳಿಯೊಂದರ ಗಂಟಲಿನ ದ್ರವವನ್ನು ಸಿರಿಂಜಿನಲ್ಲಿ ಎಳೆದು ತಂದ. ಲಸಿಕೆಯ ಪುಡಿ ಒದ್ದೆಯಾದರೆ ಕಣ್ಣಿಗೆ ಬೀಳುತ್ತದೆ. ಅದನ್ನು ಕಲಸಲು ಜೊತೆಗೆ ಕೊಡುವ ನೀರಿನ ಸೀಸೆಗೆ ಒಂದು ಹನಿ ಬಿದ್ದರೆ ಯಾರಿಗೆ ತಿಳಿಯುತ್ತದೆ? ಸಣ್ಣ ಸೂಜಿಯ ಗುರುತು ಮುಚ್ಚಳದ ರಬ್ಬರಿನಲ್ಲಿ ನಿಲ್ಲುವುದೂ ಇಲ್ಲ.

ಮಾರನೆಯ ದಿನ ಕೋಳಿ ಸಾಕುವ ಚಿಕ್ಕಹನುಮಯ್ಯ ಹುಳಿಯಾರಿನಿಂದ ಪುಡಿ, ನೀರಿನ ಸೀಸೆಗಳ ಎರಡು ಜೊತೆ ಲಸಿಕೆ ತಂದವನು ಮರುಳಪ್ಪನ ಅಂಗಡಿ ಮುಂದೆ ಬೈಕು ನಿಲ್ಲಿಸಿದ. ಕೊಬ್ಬರಿ ಮಂಡಿಯಲ್ಲಿ ಅವನಿಗೆ ಕೆಲಸವಿತ್ತು.

"ಫ್ರಿಜ್ಜಲ್ಲಿ ಮಡಗಿ ಹೋಗು ಕಣಪ್ಪ. ಬಿಸಿಲಿಗೆ ಕೆಟ್ಟೋಯ್ತದೆ," ಎಂದ ಮರುಳಪ್ಪ.

ಹತ್ತು ನಿಮಿಷ ಸಾಕಾಯಿತು. ಗ್ಲೌಸು ಹಾಕಿಕೊಂಡೇ ಎರಡೂ ನೀರಿನ ಸೀಸೆಗಳಿಗೆ ಸೂಜಿ ಚುಚ್ಚಿ ಮುಗಿಸಿದ.

ಚಿಕ್ಕಹನುಮಯ್ಯ ಒಂದು ಜೊತೆ ಬಳಸಿದ. ಎರಡು ವಾರದಲ್ಲಿ ಕೋಳಿಗಳು ಉಸಿರು ಕಟ್ಟಿ ಸಾಯತೊಡಗಿದವು. ಒಡೆಯದೆ ಉಳಿದಿದ್ದ ಇನ್ನೊಂದು ಜೊತೆಯನ್ನು ಲ್ಯಾಬಿಗೆ ಕೊಡಿಸಿದವನು ಮರುಳಪ್ಪನೇ. ಮಾಮೂಲಿ ಪರೀಕ್ಷೆ ಬೇಡ, ಪಿಸಿಆರ್ ಮಾಡಿಸು, ವೈರಸ್ಸಿನ ಕುಲಗೋತ್ರವೆಲ್ಲ ಹೊರಬೀಳುತ್ತದೆ ಎಂದು ಹಟ ಹಿಡಿದವನೂ ಅವನೇ.

ವರದಿ ಬಂದ ದಿನ ಅವನೂ ಜೊತೆಗೆ ಹೋದ. ಲ್ಯಾಬಿನ ಡಾಕ್ಟರ್ ಗಿರಿಜಾಂಬಿಕಾ ತನ್ನನ್ನೇ ಒಂದು ಗಳಿಗೆ ಹೆಚ್ಚು ನೋಡಿದಂತೆ ಅನ್ನಿಸಿತು. ಇವಳಿಗೂ ಕಲ್ಲೇಶ ಬೇಕಾದವನೇನೋ ಎಂದುಕೊಂಡ.

"ನೀರಿನ ಸೀಸೆಯಲ್ಲಿ ಗಂಟಲು ರೋಗದ ವೈರಸ್ ಸಿಕ್ತು," ಎಂದರು ಡಾಕ್ಟರ್. ಮರುಳಪ್ಪ ಚಿಕ್ಕಹನುಮಯ್ಯನ ಭುಜದ ಮೇಲೆ ಮರುಕದಿಂದ ಕೈಯಿಟ್ಟ.

ಡಾಕ್ಟರ್ ಹಾಳೆ ತಿರುಗಿಸಿದರು. "ಅದರ ಜೊತೆಗೆ ಬೇರೆ ಕಂಪನಿಯ ಶೀತರೋಗದ ಲಸಿಕೆಯ ಜೀವಂತ ವೈರಸ್ಸೂ ಇದೆ. ಲಸಿಕೆ ಕುಡಿದ ಕೋಳಿಯ ಗಂಟಲಲ್ಲಿ ಅದು ಕೆಲವು ದಿನ ಉಳ್ಕೊಂಡಿರುತ್ತೆ. ಈ ಮೂರು ತಾಲ್ಲೂಕಲ್ಲಿ ಅದನ್ನ ಮಾರೋರು ನೀವೊಬ್ರೇ ಅಲ್ವೇನ್ರೀ, ಮರುಳಪ್ಪನೋರೆ?" ಭುಜದ ಮೇಲಿದ್ದ ಕೈ ಜಾರಿತು. ದ್ರವ ಎಳೆಯುವುದಕ್ಕೆ ನಾಲ್ಕು ದಿನ ಮೊದಲು, ಶೆಡ್ಡಿಗೆ ಬಂದು ಹೋಗಲು ಒಂದು ನೆಪ ಬೇಕೆಂದು, ಮಾಯಸಂದ್ರದ ಆ ಕೋಳಿಗಳು ಕುಡಿಯುವ ನೀರಿಗೆ ಆ ಲಸಿಕೆಯನ್ನು ಅವನೇ ತನ್ನ ಕೈಯಾರೆ, ಬಿಟ್ಟಿಯಾಗಿ, ಬೆರೆಸಿ ಬಂದಿದ್ದ.